ಅಪ್ಪ ಕನ್ನಡಿಗ, ಅಮ್ಮ ಆಫ್ರಿಕನ್ ಅಮೆರಿಕನ್: ಸ್ಕೂಲ್ ಫಾರ್ಮಿನಲ್ಲಿ ಮಗುವಿನ ರೇಸ್ ಏನಂತ ಬರೆಯೋದು?

ಕಾಮನಕಟ್ಟಿ (ಪ್ರಶ್ನೆ)

ಅಮೆರಿಕದ ಫಾರ್ಮುಗಳ ಲೆಕ್ಕ ಗೊತ್ತಿರೋರು ಸ್ವಲ್ಪ ಹೇಳ್ರಿ. ಹುಡುಗನಿಗೆ ಐದು ವರ್ಷ, ಈ ಸಲ ಕಿಂಡರ್‌ಗಾರ್ಟನ್ ಸೇರಿಸಬೇಕು. ಅಪ್ಪ ಧಾರವಾಡದ ಕಡೆಯವ, ಅಮ್ಮ ಆಫ್ರಿಕನ್ ಅಮೆರಿಕನ್. ಫಾರ್ಮಿನಲ್ಲಿ ಎರಡು ಪ್ರಶ್ನೆ ಅದಾವ: ಹಿಸ್ಪಾನಿಕ್ (ಸ್ಪ್ಯಾನಿಷ್ ಮಾತಾಡೋ ದೇಶಗಳ ಮೂಲದವ) ಹೌದೋ ಅಲ್ಲೋ ಅನ್ನೋದು ಒಂದು, ರೇಸ್ ಯಾವುದು ಅಂತ ಐದು ಚೌಕ ಇನ್ನೊಂದು.

ಊರಾಗಿರೋ ಅಜ್ಜ-ಅಜ್ಜಿ "ಅಪ್ಪಂದು ಯಾವುದೋ ಮಗಂದೂ ಅದ, ಇಂಡಿಯನ್ ಅಂತ ಬರೀರಿ" ಅಂತಾರ. ಅಮ್ಮನ ಕಡೆಯವರು "ನೀವೇನರ ಬರ್ಕೊಳ್ರಿ, ಬೀದ್ಯಾಗ ನೋಡೋರಿಗೆ ಇವ ಕಪ್ಪು ಹುಡುಗನ" ಅಂತಾರ. ಎರಡೂ ಟಿಕ್ ಮಾಡಬಹುದಾ? ಖಾಲಿ ಬಿಟ್ರ ಏನಾಗ್ತದ? ಸ್ಕೂಲಿಗೊಂದು, ಸೆನ್ಸಸ್‌ಗೊಂದು, ಆಸ್ಪತ್ರೆಗೊಂದು ಬರೆದ್ರ ಮುಂದ ತ್ರಾಸ ಆಗ್ತದೇನು? ಮನೆಭಾಷೆ ಅನ್ನೋ ಜಾಗದಾಗ ಕನ್ನಡ ಹಾಕೋದೋ ಬ್ಯಾಡೋ?

ಅಘನಾಶಿನಿ

ಏನಾದರೂ ಬರೆಯಿರಿ, ಖಾಲಿ ಮಾತ್ರ ಬಿಡಬೇಡಿ. ಹೆಚ್ಚು ಜನ ಎಡವೋದು ಅಲ್ಲೇ.

ಅಮೆರಿಕದ ಶಿಕ್ಷಣ ಇಲಾಖೆ 2007ರಲ್ಲಿ ಒಂದು ಮಾರ್ಗಸೂಚಿ ಹೊರಡಿಸಿತು. 2010-11ರ ಶಾಲಾ ವರ್ಷದಿಂದ ಎಲ್ಲ ಕಡೆ ಅದೇ ನಡೆಯುತ್ತಿದೆ. ನಿಮ್ಮ ಫಾರ್ಮಿನ ಎರಡು ಪ್ರಶ್ನೆಗಳ ಜೋಡಿ ಬಂದದ್ದು ಅಲ್ಲಿಂದ. ಪೋಷಕರು ಉತ್ತರ ಕೊಡದಿದ್ದರೆ ಕಿಂಡರ್‌ಗಾರ್ಟನ್‌ನಿಂದ ಹನ್ನೆರಡನೇ ತರಗತಿವರೆಗಿನ ಶಾಲೆಗಳು "ಗೊತ್ತಿಲ್ಲ" ಅಂತ ಬರೆದು ಕೈತೊಳೆದುಕೊಳ್ಳುವ ಹಾಗಿಲ್ಲ. ಮೊದಲು ಇನ್ನೊಮ್ಮೆ ನಿಮ್ಮನ್ನೇ ಕೇಳಬೇಕು. ಆಗಲೂ ಉತ್ತರ ಬರದಿದ್ದರೆ ಶಾಲೆಯ ಸಿಬ್ಬಂದಿಯೇ ಮಗುವನ್ನು ನೋಡಿ ಒಂದು ರೇಸ್ ತುಂಬಬೇಕು. ಇದನ್ನು ಅಬ್ಸರ್ವರ್ ಐಡೆಂಟಿಫಿಕೇಶನ್ ಅಂತಾರೆ. ಅಂದರೆ ನೀವು ಬೇಸರಪಟ್ಟು ಬಿಟ್ಟ ಚೌಕವನ್ನು ಯಾರೋ ಗುಮಾಸ್ತರು ಮುಖ, ಕೂದಲು, ಬಣ್ಣ ನೋಡಿ ತುಂಬುತ್ತಾರೆ. ಅಮ್ಮನ ಕಡೆಯವರು ಹೇಳುವ "ಬೀದಿಯಲ್ಲಿ ನೋಡೋರು" ಆಗ ಕಡತದೊಳಗೇ ಬಂದು ಕೂತ ಹಾಗೆ. ಕಾಲೇಜುಗಳಿಗೆ ಈ ಕಟ್ಟುಪಾಡಿಲ್ಲ, ಅವು "ಗೊತ್ತಿಲ್ಲ" ಅಂತ ವರದಿ ಮಾಡಬಹುದು.

ಹಾಗಾಗಿ ಹಿಸ್ಪಾನಿಕ್ ಪ್ರಶ್ನೆಗೆ "ಅಲ್ಲ", ರೇಸ್‌ನಲ್ಲಿ "ಏಷ್ಯನ್" (ಭಾರತದ ಮೂಲ ಇದರಲ್ಲೇ ಬರುತ್ತೆ) ಮತ್ತು "ಬ್ಲ್ಯಾಕ್ ಆರ್ ಆಫ್ರಿಕನ್ ಅಮೆರಿಕನ್" ಎರಡಕ್ಕೂ ಟಿಕ್. ನಮ್ಮವರು ಅವಸರದಲ್ಲಿ ಬೀಳುವ ಗುಂಡಿ ಒಂದಿದೆ: "ಅಮೆರಿಕನ್ ಇಂಡಿಯನ್ ಆರ್ ಅಲಾಸ್ಕಾ ನೇಟಿವ್" ಚೌಕ. ಪಟ್ಟಿ ಅಕ್ಷರಾನುಕ್ರಮದಲ್ಲಿದ್ದರೆ ಅದೇ ಮೊದಲು ಬರುತ್ತೆ, "ಇಂಡಿಯನ್" ಕಣ್ಣಿಗೆ ಬಿದ್ದ ಕೂಡಲೇ ಬೆರಳು ಅಲ್ಲಿಗೆ ಹೋಗುತ್ತೆ. ಅದು ಆ ಖಂಡದ ಮೂಲನಿವಾಸಿಗಳದ್ದು. ತಪ್ಪಿ ಒತ್ತಿದರೆ ಬುಡಕಟ್ಟು ವಿದ್ಯಾರ್ಥಿಗಳ ಯೋಜನೆಯ ಕಾಗದಪತ್ರ ನಿಮ್ಮ ಮನೆಗೆ ಬರಬಹುದು, ಆಮೇಲೆ ತಿದ್ದಿಸೋಕೆ ಅಲೆದಾಟ.

ಇನ್ನು ನೀವು ಬರೆದದ್ದು ಒಂದು, ಎಣಿಸೋದು ಇನ್ನೊಂದು. ಶಾಲೆಯ ಕಡತದಲ್ಲಿ ಎರಡೂ ಟಿಕ್ ಇರುತ್ತವೆ, ಮೂಲ ಉತ್ತರವನ್ನು ಕನಿಷ್ಠ ಮೂರು ವರ್ಷ ಇಟ್ಟುಕೊಳ್ಳಲೇಬೇಕು. ಆದರೆ ಫೆಡರಲ್ (ಕೇಂದ್ರ) ಸರ್ಕಾರಕ್ಕೆ ವರದಿ ಹೋಗುವಾಗ ಹುಡುಗ "ಏಷ್ಯನ್" ಸಾಲಿಗೂ ಸೇರಲ್ಲ, "ಬ್ಲ್ಯಾಕ್" ಸಾಲಿಗೂ ಸೇರಲ್ಲ. "ಎರಡು ಅಥವಾ ಹೆಚ್ಚು ರೇಸ್" ಅನ್ನೋ ಒಂದೇ ಬುಟ್ಟಿಗೆ ಬೀಳ್ತಾನೆ. ಕನ್ನಡ-ಕಪ್ಪು, ಜಪಾನಿ-ಬಿಳಿ, ಎಲ್ಲರಿಗೂ ಅದೇ ಬುಟ್ಟಿ. ಹಿಸ್ಪಾನಿಕ್‌ಗೆ "ಹೌದು" ಅಂದಿದ್ದರೆ ಅದೂ ಇಲ್ಲ. ಅಪ್ಪ ಕನ್ನಡಿಗ, ಅಮ್ಮ ಮೆಕ್ಸಿಕೊ ಮೂಲದವಳು ಅಂತಿಟ್ಟುಕೊಳ್ಳಿ. ಎರಡನೇ ಪ್ರಶ್ನೆಯಲ್ಲಿ ಏನೇ ಟಿಕ್ ಮಾಡಿದರೂ ಆ ಮಗು ವರದಿಯಲ್ಲಿ ಬರೀ ಹಿಸ್ಪಾನಿಕ್. ಏಷ್ಯನ್ ಭಾಗ ಲೆಕ್ಕದಿಂದಲೇ ಮಾಯ.

ಇದು ಬದಲಾಗುವ ದಾರಿಯಲ್ಲಿದೆ. 2024ರ ಮಾರ್ಚ್ 28ರಂದು ಫೆಡರಲ್ ಮಾನದಂಡ ಪರಿಷ್ಕರಣೆಯಾಯಿತು: ಎರಡು ಪ್ರಶ್ನೆ ಸೇರಿ ಒಂದೇ ಪ್ರಶ್ನೆ, ಹಿಸ್ಪಾನಿಕ್ ಕೂಡ ಉಳಿದವುಗಳ ಸಾಲಿಗೆ, ಜೊತೆಗೆ ಮಧ್ಯಪ್ರಾಚ್ಯ-ಉತ್ತರ ಆಫ್ರಿಕಾ ಅನ್ನೋ ಹೊಸ ವರ್ಗ, ಒಟ್ಟು ಏಳು. ಆಗ ಇಲಾಖೆಗಳಿಗೆ ಕೊಟ್ಟ ಗಡುವು ಐದು ವರ್ಷ. ಅಲ್ಲಿಯವರೆಗೆ ಒಂದು ಕಚೇರಿಯಲ್ಲಿ ಹಳೇ ಫಾರ್ಮು, ಇನ್ನೊಂದರಲ್ಲಿ ಹೊಸದು ಸಿಕ್ಕರೆ ಗಾಬರಿಯಾಗಬೇಡಿ.

ಹಳೇ ಲೆಕ್ಕದ ಪುಸ್ತಕ

ಅಜ್ಜ-ಅಜ್ಜಿಯ ಮಾತು ಎಲ್ಲಿಂದ ಬಂತು ಅಂತ ಮೊದಲು ನೋಡೋಣ. ರೇಸ್ ಅನ್ನೋದಕ್ಕೆ ಪುಸ್ತಕದ ಕನ್ನಡದಲ್ಲಿ ಜನಾಂಗ ಅಂತೀವಿ. ಆದರೆ ಊರಲ್ಲಿ "ನಿಮ್ಮದು ಯಾವ ಜನಾಂಗ?" ಅಂದರೆ ಕೇಳ್ತಿರೋದು ಜಾತಿ. ಜಾತಿಯ ಲೆಕ್ಕದಲ್ಲಿ ಮಗು ಅಪ್ಪನ ಕಡೆ. ಅದೇ ಅಳತೆಗೋಲನ್ನು ಅವರು ಅಮೆರಿಕದ ಫಾರ್ಮಿಗೂ ಹಿಡೀತಿದ್ದಾರೆ. (ನಮ್ಮಲ್ಲೂ ಅದು ಕಲ್ಲಿನ ಗೆರೆಯಲ್ಲ. ಅಪ್ಪ ಮೇಲ್ಜಾತಿ, ಅಮ್ಮ ಪರಿಶಿಷ್ಟ ಪಂಗಡ ಆಗಿದ್ದಾಗ ಮಗು ಅಪ್ಪನ ಜಾತಿ ಅಂತಲೇ ತೀರ್ಮಾನಿಸುವ ಹಾಗಿಲ್ಲ, ಬೆಳೆದ ವಾತಾವರಣದ ಸಾಕ್ಷ್ಯ ನೋಡಬೇಕು ಅಂತ ಸುಪ್ರೀಂ ಕೋರ್ಟ್ 2012ರ ರಮೇಶ್‌ಭಾಯಿ ದಭಾಯಿ ನಾಯಕಾ ಪ್ರಕರಣದಲ್ಲಿ ಹೇಳಿದೆ.)

ಅಮೆರಿಕದವರ ಲೆಕ್ಕ ಅಪ್ಪನದ್ದೂ ಅಲ್ಲ, ಅಮ್ಮನದ್ದೂ ಅಲ್ಲ; ಬಹುಕಾಲ ಅದು "ಯಾರು ಬಿಳಿಯರಲ್ಲವೋ ಅವರ ಕಡೆ" ಅನ್ನೋ ಲೆಕ್ಕವಾಗಿತ್ತು. 1930ರ ಸೆನ್ಸಸ್‌ನಲ್ಲಿ ಎಣಿಕೆದಾರರಿಗೆ ಕೊಟ್ಟ ಸೂಚನೆ ನೇರವಾಗಿತ್ತು: ಕಪ್ಪು ರಕ್ತ ಎಷ್ಟೇ ಕಡಿಮೆ ಇದ್ದರೂ ಅವರನ್ನು ನೀಗ್ರೊ ಅಂತಲೇ ಬರೆಯಬೇಕು. ಒಂದು ಹನಿ ನಿಯಮ ಅಂತಾರಲ್ಲ, ಅದು ಸರ್ಕಾರಿ ಕಾಗದದ ಮೇಲೇ ಇತ್ತು. ಬರೆಯುತ್ತಿದ್ದವರೂ ಮನೆಯವರಲ್ಲ, ಬಾಗಿಲಿಗೆ ಬಂದ ಎಣಿಕೆದಾರ. ಜನ ತಮ್ಮ ರೇಸ್ ತಾವೇ ಬರೆದುಕೊಳ್ಳೋಕೆ ಶುರುವಾದದ್ದು ಅಂಚೆಯಲ್ಲಿ ಫಾರ್ಮು ಬರತೊಡಗಿದ 1960ರಲ್ಲಿ. ಒಂದಕ್ಕಿಂತ ಹೆಚ್ಚು ಚೌಕ ಆರಿಸೋಕೆ ಅನುಮತಿ ಸಿಕ್ಕಿದ್ದು 1997ರ ನಿಯಮದಿಂದ, ಸೆನ್ಸಸ್‌ನಲ್ಲಿ ಮೊದಲು ಕಂಡದ್ದು 2000ದಲ್ಲಿ.

ಜನನದ ಅಂಕಿಅಂಶದಲ್ಲೂ ಇದೇ ಕಥೆ. 1989ಕ್ಕೆ ಮುಂಚೆ ಹೆತ್ತವರಲ್ಲಿ ಒಬ್ಬರು ಬಿಳಿಯರಾದರೆ ಮಗುವನ್ನು ಇನ್ನೊಬ್ಬರ ರೇಸ್‌ಗೆ ಸೇರಿಸುತ್ತಿದ್ದರು. ಆ ವರ್ಷದಿಂದ ತಾಯಿಯ ರೇಸ್ ಪ್ರಕಾರ ಕೋಷ್ಟಕ ಮಾಡುತ್ತಾರೆ. ಅಜ್ಜನ ಲೆಕ್ಕಕ್ಕೆ ಪೂರಾ ತಿರುಗುಮುರುಗು! ಜನನ ನೋಂದಣಿಯಲ್ಲಿ ಕೇಳೋದು ತಂದೆ-ತಾಯಿಯ ರೇಸ್ ಮಾತ್ರ, ಮಗುವಿನದ್ದು ಅಂತ ಪ್ರತ್ಯೇಕ ಚೌಕವೇ ಇಲ್ಲ. ಆದ್ದರಿಂದ "ಬರ್ತ್ ಸರ್ಟಿಫಿಕೇಟ್‌ನಲ್ಲಿ ಇರೋದನ್ನೇ ಸ್ಕೂಲಿಗೆ ಬರೆಯಬೇಕು" ಅಂತ ಯಾರಾದರೂ ಅಂದರೆ ನಂಬಬೇಡಿ.

ಭಾರತೀಯರ ಪಾಡಂತೂ ತಮಾಷೆ. 1920, 1930, 1940ರ ಸೆನ್ಸಸ್‌ಗಳಲ್ಲಿ "ಹಿಂದೂ" ಅನ್ನೋದೇ ಒಂದು ರೇಸ್. ಕ್ಯಾಲಿಫೋರ್ನಿಯದ ಸಿಖ್ಖರು, ಮುಸ್ಲಿಮರೂ ಅದರೊಳಗೇ. ನಡುವೆ 1923ರಲ್ಲಿ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಭಾರತೀಯರು ಸಾಮಾನ್ಯ ಜನರ ತಿಳಿವಳಿಕೆಯಲ್ಲಿ ಬಿಳಿಯರಲ್ಲ, ಹಾಗಾಗಿ ಪೌರತ್ವಕ್ಕೆ ಅರ್ಹರಲ್ಲ ಅಂದಿತು. 1970ರಲ್ಲಿ ಅದೇ ಭಾರತೀಯರನ್ನು ಸೆನ್ಸಸ್ ಬಿಳಿಯರ ಲೆಕ್ಕಕ್ಕೆ ಹಾಕಿತು. 1980ರಲ್ಲಿ "ಏಷ್ಯನ್ ಇಂಡಿಯನ್" ಚೌಕ ಬಂತು. ಒಬ್ಬನೇ ಮನುಷ್ಯ, ಚರ್ಮ ಬದಲಾಗಿಲ್ಲ, ಅರವತ್ತು ವರ್ಷದಲ್ಲಿ ಮೂರು ರೇಸ್.

ಇನ್ನೊಂದು ಎಚ್ಚರಿಕೆ. ಒಂದಕ್ಕಿಂತ ಹೆಚ್ಚು ರೇಸ್‌ನವರು 2010ರಲ್ಲಿ 90 ಲಕ್ಷ ಇದ್ದದ್ದು 2020ರಲ್ಲಿ 3 ಕೋಟಿ 38 ಲಕ್ಷ ಆಯಿತು, ಅಂದರೆ ಶೇ 2.9ರಿಂದ ಶೇ 10.2ಕ್ಕೆ. "ಹತ್ತು ವರ್ಷದಲ್ಲಿ ಮಿಶ್ರ ಕುಟುಂಬಗಳು ಮೂರೂವರೆ ಪಟ್ಟಿಗೂ ಹೆಚ್ಚಾದವು" ಅಂತ ಇದನ್ನು ಓದಿದರೆ ತಪ್ಪು. 2020ರ ಫಾರ್ಮಿನಲ್ಲಿ ಬಿಳಿ, ಕಪ್ಪು ಚೌಕಗಳ ಕೆಳಗೂ ಮೂಲ ಬರೆಯುವ ಸಾಲು ಸೇರಿಸಿದರು. ಒಂದು ಸಾಲಿನಲ್ಲಿ ಮೊದಲು 30 ಅಕ್ಷರ ಓದುತ್ತಿದ್ದವರು 200 ಅಕ್ಷರ ಓದಿದರು. ಬರೆದ ಮೂಲಗಳಿಗೆ ಎರಡು ಸಂಕೇತದ (ಕೋಡ್) ಬದಲು ಆರರವರೆಗೆ ಕೊಟ್ಟರು. ಒಂದೇ ಟಿಕ್ ಮಾಡಿ ಕೆಳಗೆ ಇನ್ನೊಂದು ಮೂಲ ಬರೆದವರೂ ಬಹುರೇಸ್ ಲೆಕ್ಕಕ್ಕೆ ಬಂದರು. ಜನ ಹೆಚ್ಚಿದ್ದು ನಿಜ, ಜರಡಿಯ ಕಣ್ಣು ಬದಲಾದದ್ದೂ ಅಷ್ಟೇ ನಿಜ.

ರಕ್ತಚಂದನ

ಆಸ್ಪತ್ರೆ ವಿಷಯಕ್ಕೆ ಬರ್ತೀನಿ. ಅಲ್ಲಿ ರೇಸ್ ಚೌಕಕ್ಕಿಂತ ಹೆತ್ತವರಿಬ್ಬರ ರಕ್ತಪರೀಕ್ಷೆ ಮುಖ್ಯ.

ಈ ಜೋಡಿಯಲ್ಲಿ ನೋಡಲೇಬೇಕಾದದ್ದು ಹಿಮೋಗ್ಲೋಬಿನ್. ಆಫ್ರಿಕನ್ ಮೂಲದವರಲ್ಲಿ ಸಿಕಲ್ ಸೆಲ್ (ಕೆಂಪುಕಣ ಕುಡಗೋಲಿನ ಹಾಗೆ ಬಾಗುವ ಕಾಯಿಲೆ) ಟ್ರೇಟ್, ಅಂದರೆ ಕಾಯಿಲೆಯ ಒಂದೇ ಜೀನ್ ಇರೋದು, ಹೆಚ್ಚು; ಭಾರತದ ಕೆಲವು ಸಮುದಾಯಗಳಲ್ಲಿ ಬೀಟಾ ಥಲಸ್ಸೇಮಿಯಾ (ಹಿಮೋಗ್ಲೋಬಿನ್ ಕಡಿಮೆ ತಯಾರಾಗುವ ಕಾಯಿಲೆ) ಟ್ರೇಟ್ ಹೆಚ್ಚು. ಟ್ರೇಟ್ ಇರುವವರು ಸಾಮಾನ್ಯವಾಗಿ ಆರೋಗ್ಯವಾಗೇ ಇರ್ತಾರೆ. ಆದರೆ ಅಮ್ಮನಿಗೆ ಮೊದಲನೆಯದು, ಅಪ್ಪನಿಗೆ ಎರಡನೆಯದು ಇದ್ದರೆ ಪ್ರತಿ ಗರ್ಭದಲ್ಲೂ ನಾಲ್ಕರಲ್ಲಿ ಒಂದು ಪಾಲು ಸಿಕಲ್-ಬೀಟಾ ಥಲಸ್ಸೇಮಿಯಾ ಸಂಭವ, ಅದು ಕಾಯಿಲೆಯೇ. ಮಗುವಿನ ರೇಸ್ "ಬ್ಲ್ಯಾಕ್" ಅಂತ ಮಾತ್ರ ಬರೆದಿದ್ದರೆ ಥಲಸ್ಸೇಮಿಯಾ ತಲೆಗೆ ಹೊಳೆಯದೇ ಹೋಗಬಹುದು. "ಏಷ್ಯನ್" ಅಂತ ಮಾತ್ರ ಇದ್ದರೆ ಸಿಕಲ್ ಕಡೆ ಗಮನ ತಡವಾಗಿ ಹೋಗಬಹುದು.

ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಹುಟ್ಟಿದ ಮಗುವಿನ ಹಿಮ್ಮಡಿಯ ರಕ್ತದ ಚುಕ್ಕೆಯಿಂದ ಸಿಕಲ್ ಪರೀಕ್ಷೆ ಆಗುತ್ತೆ. ಆ ವರದಿ ಕೇಳಿ ಪಡೆದು ಫೈಲಿಗೆ ಹಾಕಿ. ಆದರೆ ಬೀಟಾ ಥಲಸ್ಸೇಮಿಯಾ ಟ್ರೇಟ್ ಆ ಪರೀಕ್ಷೆಯಲ್ಲಿ ನಂಬುವಷ್ಟು ಸಿಗಲ್ಲ, ಎಳೆಗೂಸಿನಲ್ಲಿ ಎಫ್ (ಭ್ರೂಣಾವಸ್ಥೆಯ) ಹಿಮೋಗ್ಲೋಬಿನ್ನೇ ತುಂಬಿರುತ್ತೆ. ಅದಕ್ಕೆ ದೊಡ್ಡವರಾದ ಅಪ್ಪನನ್ನೇ ಪರೀಕ್ಷಿಸೋದು ಸುಲಭ: ಸಿಬಿಸಿಯಲ್ಲಿ (ರಕ್ತಕಣಗಳ ಸಾಮಾನ್ಯ ಪರೀಕ್ಷೆ) ಎಂಸಿವಿ (ಕೆಂಪುಕಣದ ಗಾತ್ರ) ಕಡಿಮೆ ಇದೆಯಾ ನೋಡಿ, ಇದ್ದರೆ ಎಚ್‌ಪಿಎಲ್‌ಸಿ (ಹಿಮೋಗ್ಲೋಬಿನ್ ವಿಧಗಳನ್ನು ಬೇರ್ಪಡಿಸಿ ಅಳೆಯುವ ಪರೀಕ್ಷೆ) ಮಾಡಿಸಿ. ಎ2 ಅನ್ನೋ ವಿಧದ ಪ್ರಮಾಣ ಶೇ 3.5 ದಾಟಿದ್ದರೆ ಟ್ರೇಟ್ ಅನುಮಾನ. ಕಬ್ಬಿಣಾಂಶದ ಕೊರತೆ ಇದ್ದರೆ ಎ2 ಕೆಳಗಿಳಿದು ಟ್ರೇಟ್ ಮರೆಯಾಗಬಹುದು, ಫೆರಿಟಿನ್ (ದೇಹದ ಕಬ್ಬಿಣದ ಸಂಗ್ರಹದ ಅಳತೆ) ಕೂಡ ಜೊತೆಗೇ ನೋಡಿಸಿ. ಸಿಕಲ್ ಸೆಲ್ ಬರೀ ಆಫ್ರಿಕಾದ್ದು ಅಂತಲೂ ತಿಳೀಬೇಡಿ: 1952ರಲ್ಲೇ ನೀಲಗಿರಿಯ ಬುಡಕಟ್ಟುಗಳಲ್ಲಿ ಅದು ಪತ್ತೆಯಾಗಿದೆ.

ಮೂಳೆಮಜ್ಜೆ ದಾನಿಗಳ ನೋಂದಣಿಯಲ್ಲಿ ಮಾತ್ರ ಅನ್ವಯಿಸುವ ಪ್ರತಿ ಚೌಕವನ್ನೂ ಟಿಕ್ ಮಾಡಲೇಬೇಕು. ಹೊಂದಾಣಿಕೆ ನೋಡೋದು ಎಚ್‌ಎಲ್‌ಎ (ದೇಹ ತನ್ನದು-ಪರರದು ಅಂತ ಗುರುತಿಸುವ) ಜೀನ್‌ಗಳಿಂದ, ಬಣ್ಣದಿಂದಲ್ಲ. ಮಗುವಿಗೆ ಅಪ್ಪನಿಂದ ಒಂದು ಕಟ್ಟು, ಅಮ್ಮನಿಂದ ಒಂದು ಕಟ್ಟು ಬರುತ್ತೆ. ಒಡಹುಟ್ಟಿದವರು ಪೂರ್ತಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು. ಅವರೂ ಹೊಂದದಿದ್ದರೆ ಭಾರತದಲ್ಲಿ ಸಾಮಾನ್ಯವಾದ ಒಂದು ಕಟ್ಟು, ಪಶ್ಚಿಮ ಆಫ್ರಿಕಾದಲ್ಲಿ ಸಾಮಾನ್ಯವಾದ ಒಂದು ಕಟ್ಟು, ಎರಡೂ ಒಟ್ಟಿಗೆ ಇರುವ ಅಪರಿಚಿತರನ್ನು ಹುಡುಕಬೇಕು. ಅಂಥವರು ನೋಂದಣಿಯಲ್ಲಿ ಕಡಿಮೆ. ಅದಕ್ಕೇ ಅರ್ಧ ಹೊಂದುವ ಹೆತ್ತವರಿಂದಲೇ ಕಸಿ ಮಾಡುವ ವಿಧಾನ, ಹೊಕ್ಕುಳಬಳ್ಳಿಯ ರಕ್ತ, ಇವು ಮಿಶ್ರ ಮೂಲದವರಿಗೆ ಹೆಚ್ಚು ಕೆಲಸಕ್ಕೆ ಬರ್ತವೆ.

ವೈದ್ಯರೂ ಒಂದೇ ಚೌಕ ನಂಬಿ ಎಡವಿದ್ದಾರೆ. ಮೂತ್ರಪಿಂಡದ ಶಕ್ತಿ ಅಳೆಯುವ 2009ರ ಸೂತ್ರದಲ್ಲಿ ರೋಗಿ ಕಪ್ಪು ಜನಾಂಗದವರಾದರೆ ಫಲಿತಾಂಶವನ್ನು 1.159ರಿಂದ ಗುಣಿಸುತ್ತಿದ್ದರು. ಅಂದರೆ ಅದೇ ರಕ್ತ, ಅದೇ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕುವ ತ್ಯಾಜ್ಯ), ಆದರೆ ಕಾಗದದ ಮೇಲೆ ಶೇ 16ರಷ್ಟು ಚೆನ್ನಾಗಿರುವ ಕಿಡ್ನಿ. ಕಸಿ ಪಟ್ಟಿಗೆ ಸೇರೋದು ತಡ. ಹೆತ್ತವರಲ್ಲಿ ಒಬ್ಬರು ಮಾತ್ರ ಕಪ್ಪು ಜನಾಂಗದವರಾದರೆ ಗುಣಿಸಬೇಕೋ ಬೇಡವೋ ಅಂದರೆ ಸೂತ್ರದಲ್ಲಿ ಉತ್ತರವೇ ಇರಲಿಲ್ಲ. 2021ರ ಸೂತ್ರದಲ್ಲಿ ರೇಸ್ ಕೈಬಿಟ್ಟರು. ಹಳೇ ವರದಿಯಲ್ಲಿ ಎರಡು ಸಂಖ್ಯೆ ಅಕ್ಕಪಕ್ಕ ಕಂಡರೆ ಕಾರಣ ಇದೇ.

ಕಾಮನಕಟ್ಟಿ

ಇಷ್ಟು ತಿಳಿದಿರಲಿಲ್ಲ, ಉಪಕಾರ ಆತು. ಬೀದ್ಯಾಗ ನೋಡೋರ ಮಾತು ಮತ್ತ ಮನೆಭಾಷೆ, ಎರಡೂ ಉಳದವು.

ಅಘನಾಶಿನಿ

ಅಮ್ಮನ ಕಡೆಯವರ ಮಾತನ್ನು ತಳ್ಳಿಹಾಕಬೇಡಿ, ಕಾನೂನೇ ಅದನ್ನು ಒಪ್ಪುತ್ತೆ. ಕ್ಯಾಲಿಫೋರ್ನಿಯದಲ್ಲಿ 2015ರ ಕಾಯ್ದೆಯೊಂದರ ಪ್ರಕಾರ ಪೊಲೀಸರು ಯಾರನ್ನಾದರೂ ತಡೆದು ನಿಲ್ಲಿಸಿದಾಗ "ನೋಡಿದರೆ ಯಾವ ರೇಸ್ ಅನ್ನಿಸಿತು" ಅನ್ನೋದನ್ನು ದಾಖಲಿಸಬೇಕು. ಆ ವ್ಯಕ್ತಿಯನ್ನು ಕೇಳುವ ಹಾಗಿಲ್ಲ. ತಾರತಮ್ಯ ಆಗೋದು ಕಂಡದ್ದರ ಮೇಲೆ, ಫಾರ್ಮಿನಲ್ಲಿ ಬರೆದದ್ದರ ಮೇಲೆ ಅಲ್ಲ ಅನ್ನೋದೇ ತರ್ಕ. ಫೆಡರಲ್ ದ್ವೇಷಾಪರಾಧ ಕಾಯ್ದೆಯಲ್ಲೂ "ನಿಜವಾದ ಅಥವಾ ಭಾವಿಸಿಕೊಂಡ" ರೇಸ್ ಅಂತಲೇ ಇದೆ. ಉದ್ಯೋಗದಲ್ಲೂ ಅಷ್ಟೇ, ಏಷ್ಯನ್ ಅಂತ ಬರೆದುಕೊಂಡವನನ್ನು ಕಪ್ಪು ಅಂದುಕೊಂಡು ಹೊರಗಿಟ್ಟರೆ ದೂರು ಕೊಡಬಹುದು.

ಆದರೆ ಇದನ್ನು ಚೌಕ ತುಂಬುವ ಕಾರಣ ಮಾಡಿಕೊಳ್ಳಬೇಡಿ. ಫೆಡರಲ್ ಮಾನದಂಡ ಕೇಳುವುದು ಮೂಲವನ್ನು, ಮುಖವನ್ನಲ್ಲ. ಇಬ್ಬರು ಅಣ್ಣತಮ್ಮಂದಿರಲ್ಲಿ ಒಬ್ಬ ಅಪ್ಪನ ಹಾಗೆ, ಇನ್ನೊಬ್ಬ ಅಮ್ಮನ ಹಾಗೆ ಕಂಡರೂ ಇಬ್ಬರಿಗೂ ಟಿಕ್ ಅವೇ ಎರಡು. ನೋಡುವವರ ವಿಷಯಕ್ಕೆ ಬೇಕಾದದ್ದು ಬೇರೆ ತಯಾರಿ: ಶಾಲೆಯಿಂದ ಮಗುವನ್ನು ಕರೆದುಕೊಂಡು ಹೋಗುವವರ ಪಟ್ಟಿಯಲ್ಲಿ ಅಪ್ಪ, ಅಮ್ಮ, ಬಂದುಹೋಗುವ ಅಜ್ಜ-ಅಜ್ಜಿ ಎಲ್ಲರ ಹೆಸರು, ಫೋಟೊ ಗುರುತುಚೀಟಿ ವಿವರ ಮೊದಲೇ ಕೊಡಿ. "ಇವರು ಹುಡುಗನ ಅಪ್ಪನಾ?" ಅನ್ನೋ ಪ್ರಶ್ನೆ ಗೇಟಿನಲ್ಲಿ ಬರೋದು ಇಬ್ಬರ ಮುಖ ಒಂದೇ ಥರ ಇಲ್ಲದಾಗ. ಅಪ್ಪನೊಬ್ಬನೇ ಮಗುವಿನ ಜೊತೆ ವಿಮಾನದಲ್ಲಿ ಬರುವಾಗ, ಅದರಲ್ಲೂ ಉಪನಾಮ ಬೇರೆ ಇದ್ದರೆ, ಅಮ್ಮನ ಒಪ್ಪಿಗೆ ಪತ್ರಕ್ಕೆ ನೋಟರಿ ಹಾಕಿಸಿ, ಬರ್ತ್ ಸರ್ಟಿಫಿಕೇಟ್ ಪ್ರತಿಯನ್ನೂ ಕೈಚೀಲದಲ್ಲಿ ಇಟ್ಟುಕೊಳ್ಳಿ, ಚೆಕ್-ಇನ್ ಪೆಟ್ಟಿಗೆಯಲ್ಲಲ್ಲ.

ಮನೆಭಾಷೆ ಬೇರೆಯೇ ಸಮೀಕ್ಷೆ. ಸಾಮಾನ್ಯವಾಗಿ ಕೇಳೋದು ಮಗು ಮೊದಲು ಕಲಿತ ಭಾಷೆ, ಮನೆಯಲ್ಲಿ ಆಡುವ ಭಾಷೆ, ಮಗು ಹೆಚ್ಚು ಬಳಸುವ ಭಾಷೆ. ಇಂಗ್ಲಿಷ್ ಅಲ್ಲದ್ದು ಬರೆದರೆ ಇಂಗ್ಲಿಷ್ ಪ್ರಾವೀಣ್ಯದ ಪರೀಕ್ಷೆ ಕೊಡಬೇಕಾಗಬಹುದು. ಮಗು ತೇರ್ಗಡೆಯಾಗದಿದ್ದರೆ ಶಾಲೆ ಶುರುವಾದ 30 ದಿನದೊಳಗೆ ನಿಮಗೆ ತಿಳಿಸಬೇಕು. ವಿಶೇಷ ತರಗತಿ ಬೇಡ ಅನ್ನೋ ಹಕ್ಕು ನಿಮಗಿದೆ, ಆದರೆ ವರ್ಷಕ್ಕೊಮ್ಮೆ ನಡೆಯುವ ಪರೀಕ್ಷೆ ತಪ್ಪಲ್ಲ. ಹೀಗಾಗಿ ಹುಡುಗ ನಿಜಕ್ಕೂ ಕನ್ನಡದಲ್ಲೇ ಮಾತಾಡ್ತಿದ್ದರೆ ಬರೆಯಿರಿ, ಅಪ್ಪ ಫೋನಲ್ಲಿ ಅಜ್ಜಿ ಹತ್ರ ಮಾತಾಡೋದನ್ನು ಮಗುವಿನ ಭಾಷೆ ಅಂತ ಬರೆಯಬೇಡಿ. ಕನ್ನಡದ ಲೆಕ್ಕ ಸಿಗಬೇಕು ಅನ್ನೋ ಆಸೆ ಇದ್ದರೆ ಅದಕ್ಕೆ ಜಾಗ ಅಮೆರಿಕನ್ ಕಮ್ಯುನಿಟಿ ಸರ್ವೆ (ಆಯ್ದ ಮನೆಗಳಲ್ಲಿ ಸೆನ್ಸಸ್‌ನವರು ನಡೆಸುವ ಸಮೀಕ್ಷೆ). ಅದರಲ್ಲಿ ಐದು ವರ್ಷ ತುಂಬಿದವರ ಮನೆಭಾಷೆಯನ್ನೂ ವಂಶಮೂಲವನ್ನೂ ಕೇಳ್ತಾರೆ. 2020ರ ಸೆನ್ಸಸ್ ಫಾರ್ಮಿನಲ್ಲಿ ಭಾಷೆಯ ಪ್ರಶ್ನೆಯೇ ಇರಲಿಲ್ಲ.

ಒಂದೊಂದು ಕಡೆ ಒಂದೊಂದು ಬರೆದರೆ ತೊಂದರೆಯಾ ಅಂದಿದ್ದಿರಿ. ಇಲ್ಲ. ಸೆನ್ಸಸ್ ಉತ್ತರ 72 ವರ್ಷ ಗೋಪ್ಯ, ಶಾಲೆಗೆ ಹೋಗಲ್ಲ. ಕಾಲೇಜಿನ ಹೊತ್ತಿಗೆ ನೋಡಿದರೆ, ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರವೇಶದ ಬಗ್ಗೆ ಅಲ್ಲಿನ ಸುಪ್ರೀಂ ಕೋರ್ಟ್ ಕೊಟ್ಟ 2023ರ ಜೂನ್ 29ರ ತೀರ್ಪಿನ ನಂತರ ಪ್ರವೇಶಕ್ಕೆ ಚೌಕದ ಟಿಕ್ ತೂಕವಾಗಲ್ಲ.

ಥೇಮ್ಸ್ ಕಟ್ಟೆ

ಬ್ರಿಟನ್, ಸಿಂಗಪುರದವರೂ ಈ ಎಳೆ ಓದ್ತಿರಬಹುದು, ಅವರಿಗಾಗಿ ಎರಡು ಮಾತು. ಇಂಗ್ಲೆಂಡ್-ವೇಲ್ಸ್ ಸೆನ್ಸಸ್‌ಗೆ ಮಿಶ್ರ ವರ್ಗ ಬಂದದ್ದು 2001ರಲ್ಲಿ. ಆದರೆ ಅಲ್ಲಿ ಹೆಸರಿಟ್ಟ ಮೂರು ಮಿಶ್ರಣದಲ್ಲೂ ಒಂದು ಕಡೆ ಬಿಳಿಯೇ: ಬಿಳಿ-ಕೆರಿಬಿಯನ್, ಬಿಳಿ-ಆಫ್ರಿಕನ್, ಬಿಳಿ-ಏಷ್ಯನ್. ಕನ್ನಡಿಗ-ಕಪ್ಪು ಮಗುವಿಗೆ ಉಳಿಯೋದು "ಇತರ ಮಿಶ್ರ", ಅದರ ಪಕ್ಕದ ಸಾಲಿನಲ್ಲಿ ವಿವರ ಬರೆಯಬೇಕು. ಎನ್‌ಎಚ್‌ಎಸ್ (ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ) ಕಡತದಲ್ಲಿ ಅದರ ಸಂಕೇತ ಜಿ.

ಸಿಂಗಪುರದಲ್ಲಿ 2011ರ ಜನವರಿಯಿಂದ ಇಂಡಿಯನ್-ಚೈನೀಸ್ ಥರ ಜೋಡಿ ರೇಸ್ ನೋಂದಾಯಿಸಬಹುದು. ಯಾವುದು ಮುಂದೆ ಅನ್ನೋದನ್ನು ಯೋಚಿಸಿ ಬರೆಯಿರಿ: ಸರ್ಕಾರಿ ಫ್ಲ್ಯಾಟ್‌ಗಳ ರೇಸ್ ಮಿತಿ ಲೆಕ್ಕ ಹಾಕುವಾಗ ಹಿಡಿಯೋದು ಮೊದಲ ಭಾಗವನ್ನೇ.

ಯಲ್ಲಾಪುರ ರಸ್ತೆ

ಒಂದು ಅಡ್ಡಪ್ರಶ್ನೆ. ಆಫ್ರಿಕನ್ ಮೂಲದ, ನಮ್ಮ ಉತ್ತರ ಕನ್ನಡದ ಸಿದ್ದಿಗಳು ಅಮೆರಿಕಕ್ಕೆ ಹೋದರೆ ಯಾವ ಚೌಕ? ಇಲ್ಲಿ ಅವರು 2003ರಿಂದ ಪರಿಶಿಷ್ಟ ಪಂಗಡ. ಹಳಿಯಾಳ, ಮುಂಡಗೋಡದವರನ್ನೇ ಬೆಂಗಳೂರಲ್ಲಿ ಇಂಗ್ಲಿಷಿನಲ್ಲಿ "ಯಾವ ದೇಶ?" ಅಂತ ಕೇಳ್ತಾರೆ, ಅವರು ಕನ್ನಡದಲ್ಲೋ ಕೊಂಕಣಿಯಲ್ಲೋ ಉತ್ತರ ಕೊಟ್ಟಾಗ ಕೇಳಿದವರು ತಬ್ಬಿಬ್ಬು.

ಹಳೇ ಲೆಕ್ಕದ ಪುಸ್ತಕ

ಎರಡೂ. ಮಾನದಂಡದ ವ್ಯಾಖ್ಯೆಯಲ್ಲಿ "ಏಷ್ಯನ್" ಅಂದರೆ ಭಾರತ ಉಪಖಂಡದ ಮೂಲವೂ ಸೇರುತ್ತೆ, "ಬ್ಲ್ಯಾಕ್" ಅಂದರೆ ಆಫ್ರಿಕಾದ ಕಪ್ಪು ಜನಾಂಗಗಳ ಮೂಲ. ಆಫ್ರಿಕಾದಿಂದ ಪೋರ್ಚುಗೀಸರ, ಅರಬರ ಹಡಗುಗಳಲ್ಲಿ ಬಂದು ಶತಮಾನಗಳಿಂದ ಇಲ್ಲೇ ಇರುವವರ ವಂಶವಾಹಿಗಳಲ್ಲಿ ಎರಡೂ ಕಡೆಯದ್ದು ಇದೆ ಅನ್ನೋದು 2011ರ ಅಧ್ಯಯನಗಳಲ್ಲೇ ಕಂಡಿದೆ. ಆದರೂ ಕಡ್ಡಾಯ ಇಲ್ಲ, ಸ್ವಯಂ ಗುರುತು. ಒಬ್ಬ ಸಿದ್ದಿ "ಏಷ್ಯನ್ ಇಂಡಿಯನ್" ಅಂತ ಮಾತ್ರ ಬರೆದರೆ ಯಾರೂ ತಿದ್ದುವ ಹಾಗಿಲ್ಲ.

ಕಾಮನಕಟ್ಟಿ

ಆನ್‌ಲೈನ್ ಫಾರ್ಮ್ ತುಂಬಾಕ ಕೂತೀನಿ. ರೇಸ್ ಒಂದು ಒತ್ತಿದ್ರ ಇನ್ನೊಂದು ಅಳಿಸಿ ಹೋಗ್ತದ, ಎರಡು ಹಿಡಿಯಂಗಿಲ್ಲ.

ಅಘನಾಶಿನಿ

ಅದು ಪೋರ್ಟಲ್ ಮಾಡಿದವರ ತಪ್ಪು. ಚೌಕದ ಬದಲು ದುಂಡು ಗುಂಡಿ ಇಟ್ಟಿದ್ದಾರೆ, ಅದು ಒಂದನ್ನೇ ಹಿಡಿಯೋದು. ಕೆಲವು ಪೋರ್ಟಲ್‌ಗಳಲ್ಲಿ "ಪ್ರೈಮರಿ ರೇಸ್" ಅಂತ ಮೇಲೆ ಒಂದು, ಕೆಳಗೆ "ಹೆಚ್ಚುವರಿ" ಅಂತ ಇನ್ನೊಂದು ಪಟ್ಟಿ ಇರುತ್ತೆ, ಕೆಳಗೆ ಸರಿಸಿ ನೋಡಿ. ಇಲ್ಲದಿದ್ದರೆ ಅದನ್ನು ಸಲ್ಲಿಸಬೇಡಿ. ಶಾಲಾ ಜಿಲ್ಲೆಯ (ಸ್ಕೂಲ್ ಡಿಸ್ಟ್ರಿಕ್ಟ್) ದಾಖಲಾತಿ ಕಚೇರಿಗೆ ಇಮೇಲ್ ಮಾಡಿ: 2007ರ ಮಾರ್ಗಸೂಚಿ ಪ್ರಕಾರ ಒಂದಕ್ಕಿಂತ ಹೆಚ್ಚು ರೇಸ್ ಆರಿಸಲು ಅವಕಾಶ ಇರಲೇಬೇಕು, ಕಾಗದದ ಫಾರ್ಮು ಕೊಡಿ ಅಂತ. ಎರಡು ಟಿಕ್ ಹಾಕಿ, ಸಹಿ ಮಾಡಿ, ಕೊಡುವ ಮುಂಚೆ ಫೋಟೊ ತೆಗೆದಿಟ್ಟುಕೊಳ್ಳಿ. ಎರಡು ವಾರ ಬಿಟ್ಟು ವಿದ್ಯಾರ್ಥಿ ವಿವರದ ಪ್ರತಿ ಕೇಳಿ ತೆಗೆಸಿ ನೋಡಿ. ಕಾಗದದಿಂದ ಕಂಪ್ಯೂಟರಿಗೆ ಏರಿಸುವಾಗ ಎರಡನೇ ಟಿಕ್ ಬಿಟ್ಟುಹೋಗೋದು ಅಲ್ಲೇ.